ಗಂಡುಕಳೆಗೆ ಯಾವ ಸೂಜಿ? ಗದ್ದ, ದವಡೆ, ಹುಬ್ಬಿಗೆ ಸಿಗುವ ಇಂಜೆಕ್ಷನ್‌ಗಳ ಹೋಲಿಕೆ

ದವಡೆ ಎದ್ದು ಕಾಣಬೇಕು, ಗದ್ದ ಮುಂದೆ ಬರಬೇಕು ಎಂದು ಕೇಳುವ ಗಂಡುಮಕ್ಕಳು ಈಗ ಬೆಂಗಳೂರು, ಹೈದರಾಬಾದಿನಲ್ಲಷ್ಟೇ ಅಲ್ಲ, ಕಲಬುರಗಿಯ ಚರ್ಮದ ದವಾಖಾನೆಗಳಲ್ಲೂ ಇದ್ದಾರೆ. ಲಗ್ನ ಗೊತ್ತಾದ ಮೇಲಂತೂ ಅವಸರ ಜಾಸ್ತಿ. ಅವರ ಮುಂದಿರುವ ಆಯ್ಕೆಗಳು ಮುಖ್ಯವಾಗಿ ನಾಲ್ಕು: ಹೈಅಲುರಾನಿಕ್ ಆಮ್ಲದ ಫಿಲ್ಲರ್ (ಚರ್ಮದ ಕೆಳಗೆ ತುಂಬುವ ಜೆಲ್), ಕ್ಯಾಲ್ಸಿಯಂ ಫಿಲ್ಲರ್, ಸ್ನಾಯು ಸಡಿಲಿಸುವ ಬೊಟಾಕ್ಸ್ ಮತ್ತು ಕೊಬ್ಬು ಕರಗಿಸುವ ಡಿಆಕ್ಸಿಕೋಲಿಕ್ ಆಮ್ಲ. ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ತಪ್ಪು ಜಾಗಕ್ಕೆ ಬಿದ್ದರೆ ಮುಖ ಗಂಡಾಗುವ ಬದಲು ಮೆತ್ತಗಾಗಿ, ಊದಿದಂತೆ ಕಾಣುತ್ತದೆ.

ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಸಲ ಮಾಡಿಸುವವರು ಕರಗಿಸಲು ಬರುವ ಹೈಅಲುರಾನಿಕ್ ಫಿಲ್ಲರನ್ನೇ ಆರಿಸಿಕೊಳ್ಳಿ, ಗದ್ದದಿಂದ ಶುರು ಮಾಡಿ, ಏನಾದರೂ ಹೆಚ್ಚುಕಡಿಮೆಯಾದರೆ ಕೂಡಲೇ ಮುಟ್ಟುವಷ್ಟು ಹತ್ತಿರದ ವೈದ್ಯರ ಕೈಯಲ್ಲೇ ಮಾಡಿಸಿ. ಬೀದರ್, ಯಾದಗಿರಿ ಕಡೆಯವರಿಗೆ ಈ ಮೂರನೆಯದು ಉಳಿದೆರಡಕ್ಕಿಂತ ಮುಖ್ಯ.

ಎಲುಬು ಕಮ್ಮಿಯೋ, ಕೊಬ್ಬು ಹೆಚ್ಚೋ

ಸೆಲ್ಫಿ ನೋಡಿ ತೀರ್ಮಾನ ಮಾಡಬೇಡಿ. ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ದೊಡ್ಡದಾಗಿ, ಗದ್ದ ಹಿಂದೆ ಸರಿದಂತೆ ಕಾಣುತ್ತದೆ. ಐದಾರು ಅಡಿ ದೂರದಿಂದ, ಕ್ಯಾಮೆರಾ ಮುಖದ ಮಟ್ಟಕ್ಕೇ ಇರುವಂತೆ, ಬೇರೆಯವರಿಂದ ಎದುರಿನದೊಂದು, ಪಕ್ಕದ್ದೊಂದು ಫೋಟೊ ತೆಗೆಸಿ. ಹಲ್ಲು ಕೂಡಿರಲಿ, ತುಟಿ ಸಡಿಲ ಇರಲಿ, ನೋಟ ನೇರ ಇರಲಿ. ಗಡ್ಡ ದಟ್ಟ ಇದ್ದರೆ ಟ್ರಿಮ್ ಮಾಡಿಸಿಕೊಂಡೇ ತೆಗೆಸಿ. ಇಲ್ಲದಿದ್ದರೆ ಕೂದಲಿನ ಗೆರೆಯನ್ನೇ ದವಡೆಯ ಗೆರೆ ಅಂದುಕೊಳ್ಳುತ್ತೀರಿ.

ಪಕ್ಕದ ಫೋಟೊದಲ್ಲಿ ಕೆಳತುಟಿಯಿಂದ ನೇರ ಕೆಳಗೆ ಗೆರೆ ಎಳೆಯಿರಿ. ಗಂಡಸಿನ ಗದ್ದದ ತುದಿ ಆ ಗೆರೆಗೆ ಮುಟ್ಟಿದ್ದರೆ ಚೆನ್ನ. ಹೆಂಗಸರಲ್ಲಿ ಅದು ಸ್ವಲ್ಪ ಹಿಂದಿರುತ್ತದೆ. ಎದುರಿನ ಫೋಟೊದಲ್ಲಿ ಗದ್ದದ ಅಗಲ ನೋಡಿ. ಗಂಡು ಮುಖದಲ್ಲಿ ಗದ್ದ ಚೌಕವಾಗಿ, ಹೆಚ್ಚುಕಡಿಮೆ ಬಾಯಿಯ ಎರಡು ಮೂಲೆಗಳ ನಡುವಿನಷ್ಟು ಅಗಲ ಇರುತ್ತದೆ. ಕಿವಿಯ ಕೆಳಗೆ ದವಡೆ ತಿರುಗುವ ಮೂಲೆ ಕಣ್ಣಿಗೆ ಬೀಳುತ್ತದೆ. ಹುಬ್ಬು ಬಿಲ್ಲಿನಂತೆ ಬಾಗದೆ ಎಲುಬಿನ ಅಂಚಿನ ಮೇಲೆ ನೇರ ಕೂತಿರುತ್ತದೆ. ಕೆನ್ನೆ ಉಬ್ಬಿರುವುದಿಲ್ಲ.

ಗದ್ದ ನಾಲ್ಕೈದು ಮಿಲಿಮೀಟರ್ ಹಿಂದಿದ್ದರೆ ಫಿಲ್ಲರ್ ಸಾಕು. ಅದಕ್ಕಿಂತ ಬಹಳ ಹಿಂದಿದ್ದು, ಮೇಲಿನ ಹಲ್ಲು ಮುಂದೆ ಚಾಚಿ, ನಿದ್ದೆಯಲ್ಲಿ ಗೊರಕೆಯೂ ಜೋರಿದ್ದರೆ ಅದು ದವಡೆ ಎಲುಬಿನದೇ ಸಮಸ್ಯೆ. ಅಂಥವರು ಮೊದಲು ಕಲಬುರಗಿಯ ಡೆಂಟಲ್ ಕಾಲೇಜುಗಳ ಆರ್ಥೊಡಾಂಟಿಕ್ಸ್ (ಹಲ್ಲಿನ ಸಾಲು ಸರಿಮಾಡುವ) ಅಥವಾ ಮ್ಯಾಕ್ಸಿಲೊಫೇಶಿಯಲ್ (ಮುಖ, ದವಡೆಯ ಆಪರೇಷನ್ ಮಾಡುವ) ವಿಭಾಗದಲ್ಲಿ ತೋರಿಸಲಿ. ಎಲುಬನ್ನು ಮುಂದೆ ಸರಿಸುವ ಆಪರೇಷನ್ ಒಮ್ಮೆ ಆದರೆ ಮುಗಿಯಿತು. ಅಷ್ಟು ಕೊರತೆಯನ್ನು ಜೆಲ್‌ನಿಂದ ತುಂಬಲು ಹೊರಟರೆ ವರುಷ ವರುಷ ದುಡ್ಡು ಹೋಗುತ್ತದೆ, ಗದ್ದ ಮಾತ್ರ ಉಂಡೆಯಾಗುತ್ತದೆ.

ಇನ್ನೊಂದು ನಮ್ಮ ಭಾಗದ್ದೇ ವಿಷಯ. ಅಡಿಕೆ, ಗುಟ್ಕಾ ವರ್ಷಗಟ್ಟಲೆ ಜಗಿದವರಲ್ಲಿ ದವಡೆಯ ಸ್ನಾಯು ದಪ್ಪವಾಗಿ ಮುಖದ ಕೆಳಭಾಗ ಅಗಲ ಕಾಣಬಹುದು. ಅವರಿಗೆ ದವಡೆಯ ಮೂಲೆಗೆ ಫಿಲ್ಲರ್ ಬೇಕಾಗುವುದು ಅಪರೂಪ; ಗದ್ದಕ್ಕೆ ಹಾಕಿದರೆ ಸಮತೋಲ ಬರುತ್ತದೆ. ಆದರೆ ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಒಳಗೆ ಬಿಳಿಪಟ್ಟೆ ಕಟ್ಟಿ ಖಾರ ಉರಿಯುತ್ತಿದ್ದರೆ, ಸೌಂದರ್ಯದ ಮಾತು ಆಮೇಲೆ. ಮೊದಲು ಬಾಯಿ ತೋರಿಸಿಕೊಳ್ಳಿ.

ಎರಡು ಫಿಲ್ಲರ್‌ಗಳ ನಡುವೆ

ಹೈಅಲುರಾನಿಕ್ ಆಮ್ಲ ಸಾಮಾನ್ಯವಾಗಿ 1 ಮಿ.ಲೀ. ಸಿರಿಂಜಿನಲ್ಲಿ ಬರುವ ಜೆಲ್. ಗದ್ದ, ದವಡೆಗೆ ಗಟ್ಟಿ ಜೆಲ್ಲೇ ಬೇಕು. ಜುವಿಡರ್ಮ್ ವೊಲ್ಯುಮಾ, ವೊಲಕ್ಸ್, ರೆಸ್ಟಿಲೇನ್ ಡಿಫೈನ್ ಆ ಜಾತಿಯವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ವೊಲ್ಯುಮಾವನ್ನು ಗದ್ದಕ್ಕೆ, 2022ರಲ್ಲಿ ವೊಲಕ್ಸನ್ನು ದವಡೆಗೆ ಒಪ್ಪಿತು. ತುಟಿಗೆಂದು ಮಾಡಿದ ಮೆತ್ತನೆ ಜೆಲ್ಲನ್ನು ದವಡೆಗೆ ಹಾಕಿದರೆ ಅಂಚು ನಿಲ್ಲುವುದಿಲ್ಲ, ಹರಡಿಕೊಳ್ಳುತ್ತದೆ. "ಫಿಲ್ಲರ್ ಒಂದೇ, ಎಲ್ಲಿಗಾದರೂ ಹಾಕಬಹುದು" ಎನ್ನುವ ಕ್ಲಿನಿಕ್‌ನಿಂದ ಎದ್ದು ಬನ್ನಿ. ಈ ಗಟ್ಟಿ ಜೆಲ್ ಒಂದು ವರ್ಷದಿಂದ ಒಂದೂವರೆ ವರ್ಷ ಉಳಿಯುತ್ತದೆ. ಇದರ ದೊಡ್ಡ ಗುಣವೆಂದರೆ, ಬೇಡವಾದರೆ ಹೈಅಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ರಕ್ತನಾಳಕ್ಕೆ ಜೆಲ್ ಸೇರಿ ರಕ್ತ ನಿಂತರೂ ಬಿಡಿಸುವ ಮದ್ದು ಅದೇ.

ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಅಂದರೆ ರೇಡಿಯೆಸ್, ಇನ್ನೂ ಗಟ್ಟಿ. 1.5 ಮಿ.ಲೀ. ಸಿರಿಂಜಿಗೆ ದವಡೆಯ ಗೆರೆ ಚೆನ್ನಾಗಿ ಬರುತ್ತದೆ, ಎಲುಬಿನ ಹಾಗೆ ಕೈಗೆ ಸಿಗುತ್ತದೆ, ಒಂದರಿಂದ ಒಂದೂವರೆ ವರ್ಷ ಬರುತ್ತದೆ. ಮಿಲಿಲೀಟರ್ ಲೆಕ್ಕದಲ್ಲಿ ಕೆಲವೊಮ್ಮೆ ಅಗ್ಗವೂ ಬೀಳುತ್ತದೆ. ಆದರೆ ಇದನ್ನು ಕರಗಿಸುವ ಮದ್ದಿಲ್ಲ. ಗಂಟಾದರೆ, ಒಂದು ಕಡೆ ಹೆಚ್ಚಾದರೆ ಕಾಯಬೇಕು. ಎಕ್ಸ್‌ರೇ, ಸಿಟಿಯಲ್ಲಿ ಬೆಳ್ಳಗೆ ಕಾಣುವುದರಿಂದ ಮುಂದೆ ಹಲ್ಲಿನ ಡಾಕ್ಟರು ಒಪಿಜಿ (ಪೂರ್ತಿ ದವಡೆಯ ಎಕ್ಸ್‌ರೇ) ತೆಗೆಸಿದಾಗ ಹೇಳಿಬಿಡಬೇಕು. ಒಮ್ಮೆ ಹೈಅಲುರಾನಿಕ್ ಹಾಕಿಸಿ, ಆಕಾರ ಒಪ್ಪಿಗೆಯಾಗಿ, ಅದೇ ವೈದ್ಯರ ಕೈ ಮೇಲೆ ಭರವಸೆ ಬಂದವರಿಗೆ ಇದು ಒಳ್ಳೆಯ ಎರಡನೇ ಆಯ್ಕೆ. ಮೊದಲನೆಯದಲ್ಲ.

ಪಾಲಿ ಎಲ್ ಲ್ಯಾಕ್ಟಿಕ್ ಆಮ್ಲವೂ ಇದೆ. ಅದು ತಿಂಗಳುಗಟ್ಟಲೆ ನಿಧಾನ ಚರ್ಮದೊಳಗೆ ಕೊಲಾಜನ್ ಎಂಬ ಪ್ರೋಟೀನ್ ಬೆಳೆಸುತ್ತದೆ. ಕೆನ್ನೆ ಒಳಹೋದವರಿಗೆ ಉಪಯೋಗ, ಚೂಪು ದವಡೆಗೆ ಅಲ್ಲ. ಸಿಲಿಕೋನ್ ಮುಂತಾದ ಶಾಶ್ವತ ಫಿಲ್ಲರ್‌ಗಳನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹತ್ತು ವರ್ಷದ ನಂತರವೂ ಗಂಟು, ಕೀವು ಬರಬಹುದು, ತೆಗೆಯಲು ಕೊಯ್ಯಬೇಕಾಗುತ್ತದೆ. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ತಳ್ಳುವ ಪೆನ್ನುಗಳು ಆನ್‌ಲೈನಿನಲ್ಲಿ ಸಿಗುತ್ತವೆ; ಅವುಗಳನ್ನು ಬಳಸಬೇಡಿ ಎಂದು ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಪಾರ್ಲರಿನಲ್ಲಿ ಅದನ್ನು ತೆಗೆದರೆ ಅಲ್ಲಿಂದ ಹೊರಡಿ.

ಗದ್ದದಲ್ಲಿ ಏನೇನು ನಡೆಯಬೇಕು

ಒಂದೇ ಸಿರಿಂಜಿಗೆ ದುಡ್ಡಿದ್ದರೆ ಗದ್ದಕ್ಕೆ ಹಾಕಿಸಿ. ಗದ್ದ ಮುಂದೆ ಬಂದರೆ ಅದರ ಕೆಳಗಿನ ಚರ್ಮ ಎಳೆದುಕೊಂಡು ಕುತ್ತಿಗೆಯ ಗೆರೆಯೂ ತೆರವಾಗುತ್ತದೆ, ಮೂಗೂ ಚಿಕ್ಕದಾಗಿ ಕಾಣುತ್ತದೆ. ಅದೇ 1 ಮಿ.ಲೀ.ಯನ್ನು ಎರಡು ದವಡೆಗೆ ಅರ್ಧರ್ಧ ಹಂಚಿದರೆ ಗಂಡಸಿನ ದಪ್ಪ ಚರ್ಮದ ಕೆಳಗೆ ಏನೂ ಗೊತ್ತಾಗುವುದಿಲ್ಲ.

ಕೆಲಸ ಹೀಗೆ ಸಾಗುತ್ತದೆ. ಕೂತ ಭಂಗಿಯಲ್ಲೇ ಗುರುತು ಹಾಕಬೇಕು; ಮಲಗಿದರೆ ಚರ್ಮ ಹಿಂದೆ ಜಾರಿ ಗುರುತು ತಪ್ಪುತ್ತದೆ. ಗಡ್ಡದ ಜಾಗವಾದ್ದರಿಂದ ಸ್ಪಿರಿಟ್ ಒಮ್ಮೆ ಸವರಿದರೆ ಸಾಲದು. ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್‌ನಿಂದ ಸರಿಯಾಗಿ ಒರೆಸಿ ಒಣಗಲು ಬಿಡಬೇಕು. ಕೂದಲ ಬುಡದಲ್ಲಿ ಕೀವುಗುಳ್ಳೆ ಇದ್ದರೆ ಆ ದಿನ ಮಾಡಿಸಲೇಬಾರದು. ಗದ್ದದ ನಡುವೆ, ಎಲುಬಿಗೆ ತಾಗುವಂತೆ 27 ಗೇಜ್ ಸೂಜಿಯಿಂದ 0.3ರಿಂದ 0.5 ಮಿ.ಲೀ. ನಿಧಾನವಾಗಿ ಬಿಡುತ್ತಾರೆ. ಹೆಂಗಸರಿಗಾದರೆ ಅಲ್ಲಿಗೇ ಮುಗಿಸಬಹುದು. ಗಂಡಸಿಗೆ ಬಾಯಿಯ ಮೂಲೆಗಳ ನೇರಕ್ಕೆ ಎಡಬಲ ಇನ್ನೆರಡು ಜಾಗದಲ್ಲಿ 0.2ರಿಂದ 0.4 ಮಿ.ಲೀ. ಬೀಳಬೇಕು. ಈ ಎರಡು ಬಿಂದುಗಳೇ ಗದ್ದವನ್ನು ಚೌಕ ಮಾಡುತ್ತವೆ. ಇವನ್ನು ಬಿಟ್ಟು ನಡುವೆಯೇ ತುಂಬಿದರೆ ಗದ್ದ ಚೂಪಾಗಿ ಹೆಣ್ಣುಕಳೆ ಬರುತ್ತದೆ. ಎಲ್ಲ ಸೇರಿ ಹೆಚ್ಚುಕಡಿಮೆ 1 ಮಿ.ಲೀ. ಸಾಕು.

ಬಾಯಿ ಮುಚ್ಚಿದಾಗ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುವವರಲ್ಲಿ ಅಲ್ಲಿನ ಸ್ನಾಯು ಬಿಗಿ. ಅದು ಜೆಲ್ಲನ್ನು ಒತ್ತಿ ಸರಿಸುತ್ತದೆ. ಅಂಥವರಿಗೆ ಆ ಸ್ನಾಯುವಿಗೆ ಒಟ್ಟು 4ರಿಂದ 8 ಯುನಿಟ್ ಬೊಟಾಕ್ಸ್ ಸೇರಿಸಿ ಕೊಟ್ಟರೆ ಜೆಲ್ ಇಟ್ಟಲ್ಲಿ ನಿಲ್ಲುತ್ತದೆ.

ದವಡೆಯ ಮೂಲೆ ಮತ್ತು ಅಂಚು

ಕಿವಿಯ ಕೆಳಗಿನ ಮೂಲೆಗೆ ಎಲುಬಿನ ಮೇಲೆ ಒಂದೊಂದು ಕಡೆ 0.5ರಿಂದ 1 ಮಿ.ಲೀ., ಅಲ್ಲಿಂದ ಗದ್ದದವರೆಗಿನ ಅಂಚಿಗೆ ಚರ್ಮದ ಕೆಳಗೆ ಉಳಿದದ್ದು. ಗದ್ದವೂ ಸೇರಿ ಗಂಡಸಿಗೆ 3ರಿಂದ 6 ಮಿ.ಲೀ. ಬೇಕಾಗುತ್ತದೆ. ಒಂದೇ ದಿನ ಆರು ಸಿರಿಂಜ್ ಹಾಕಿಸಬೇಡಿ. ಎರಡು ಸಲಕ್ಕೆ, ನಡುವೆ ಒಂದು ತಿಂಗಳು ಬಿಟ್ಟು ಮಾಡಿಸಿ. ಬಾವು ಇಳಿದ ಮೇಲೆ ಎಷ್ಟು ಬೇಕೆಂಬುದು ನಿಮಗೂ ವೈದ್ಯರಿಗೂ ನಿಚ್ಚಳವಾಗುತ್ತದೆ.

ಇಲ್ಲಿನ ಅಪಾಯದ ಜಾಗವನ್ನು ನೀವೇ ಮುಟ್ಟಿ ನೋಡಬಹುದು. ಹಲ್ಲು ಕಚ್ಚಿ ದವಡೆಯ ಸ್ನಾಯು ಉಬ್ಬಿಸಿ, ಅದರ ಮುಂದಿನ ಅಂಚು ದವಡೆ ಎಲುಬಿಗೆ ಸೇರುವಲ್ಲಿ ಬೆರಳಿಡಿ. ನಾಡಿ ಬಡಿಯುವುದು ಗೊತ್ತಾಗುತ್ತದೆ. ಅದೇ ಮುಖದ ಅಪಧಮನಿ. ಬಲ್ಲ ವೈದ್ಯರು ಅದನ್ನು ಮೊದಲು ಮುಟ್ಟಿ ಗುರುತು ಮಾಡುತ್ತಾರೆ. ಅಂಚಿಗೆ ಚೂಪು ಸೂಜಿಯ ಬದಲು ತುದಿ ಮೊಂಡಾದ 22 ಅಥವಾ 25 ಗೇಜ್ ಕ್ಯಾನುಲಾ ಬಳಸುತ್ತಾರೆ. ಸೂಜಿ ಹಿಂದೆಳೆದು ರಕ್ತ ಬರಲಿಲ್ಲವೆಂದ ಮಾತ್ರಕ್ಕೆ ಸುರಕ್ಷಿತ ಎನ್ನಲಾಗದು. ಗಟ್ಟಿ ಜೆಲ್ ತುಂಬಿದ ಸೂಜಿಯಲ್ಲಿ ರಕ್ತ ಏರದೆಯೂ ಇರಬಹುದು.

ಕೆನ್ನೆ, ತುಟಿಗೆ ಗಂಡುಕಳೆಯ ಹೆಸರಲ್ಲಿ ಫಿಲ್ಲರ್ ಮಾರಲು ಬಂದರೆ ಒಪ್ಪಬೇಡಿ. ಕೆನ್ನೆಯ ತುದಿ ಉಬ್ಬಿದರೆ ಮುಖ ಹೆಣ್ಣಾಗುತ್ತದೆ. ಮೂಗಿಗೆ ಮತ್ತು ಎರಡು ಹುಬ್ಬುಗಳ ನಡುವಿನ ಜಾಗಕ್ಕೆ ಮೊದಲ ಸಲದವರು ಫಿಲ್ಲರ್ ಹಾಕಿಸಲೇಬೇಡಿ. ಅಲ್ಲಿನ ರಕ್ತನಾಳಗಳು ಕಣ್ಣಿನ ನಾಳಕ್ಕೆ ಕೂಡಿಕೊಂಡಿವೆ. ಫಿಲ್ಲರ್‌ನಿಂದ ಕಣ್ಣು ಕಳೆದುಕೊಂಡ ಪ್ರಕರಣಗಳಲ್ಲಿ ಹೆಚ್ಚಿನವು ಈ ಜಾಗಗಳವು.

ಬೊಟಾಕ್ಸ್: ಎಲ್ಲಿ ಬೇಕು, ಎಲ್ಲಿ ಕೆಡಿಸುತ್ತದೆ

ಬೊಟಾಕ್ಸ್ ತುಂಬುವ ವಸ್ತುವಲ್ಲ, ಸ್ನಾಯುವನ್ನು ಸಡಿಲಿಸುವ ಔಷಧ. ದವಡೆಯ ಸ್ನಾಯುವಿಗೆ ಅದನ್ನು ಕೊಟ್ಟರೆ ಒಂದೆರಡು ತಿಂಗಳಲ್ಲಿ ಸ್ನಾಯು ಸಣ್ಣದಾಗಿ ಮುಖ ಕಿರಿದಾಗುತ್ತದೆ. ಹೆಂಗಸರು "ವಿ ಶೇಪ್" ಎಂದು ಮಾಡಿಸುವುದು ಅದನ್ನೇ. ಗಂಡುಕಳೆ ಬೇಕಾದವರಿಗೆ ಇದು ಪೂರ್ತಿ ಉಲ್ಟಾ. ನಿದ್ದೆಯಲ್ಲಿ ಹಲ್ಲು ಕಡಿಯುವ ತೊಂದರೆಗಾಗಿ ಕೊಡುವುದಿದ್ದರೆ ಕಡಿಮೆ ಪ್ರಮಾಣ ಕೇಳಿ, ಮುಖ ಸಣ್ಣಗಾಗಬಾರದೆಂದು ಬಾಯಿಬಿಟ್ಟು ಹೇಳಿ.

ಹುಬ್ಬಿನ ನಡುವಿನ ಗಂಟಿಗೆ ಲೇಬಲ್ ಹೇಳುವ ಪ್ರಮಾಣ 20 ಯುನಿಟ್. ಗಂಡಸರ ಸ್ನಾಯು ದಪ್ಪ ಇರುವುದರಿಂದ ಅದಕ್ಕಿಂತ ಹೆಚ್ಚು ಬೇಕಾಗುವುದುಂಟು. ಹಣೆಯ ನಡುವಿಗಷ್ಟೇ ಕೊಟ್ಟು ಪಕ್ಕ ಬಿಟ್ಟರೆ ಹುಬ್ಬಿನ ಹೊರತುದಿ ಮೇಲೇರಿ ನಾಟಕದ ಬಣ್ಣ ಹಚ್ಚಿದಂತೆ ಕಾಣುತ್ತದೆ. ಆ ತುದಿಯ ಮೇಲೆ ಒಂದೆರಡು ಯುನಿಟ್ ಕೊಟ್ಟರೆ ಸರಿಹೋಗುತ್ತದೆ. ಮೂರರಿಂದ ಐದು ದಿನಕ್ಕೆ ಶುರುವಾಗಿ, ಎರಡು ವಾರಕ್ಕೆ ಪೂರ್ತಿ ಕೂಡುತ್ತದೆ. ಮೂರ್ನಾಲ್ಕು ತಿಂಗಳು ಇರುತ್ತದೆ. ಇದೇ ಜಾತಿಯ ಇನ್ನೊಂದು ಬ್ರಾಂಡ್ ಡಿಸ್ಪೋರ್ಟ್‌ನ ಯುನಿಟ್ ಬೇರೆ, ಬೊಟಾಕ್ಸ್‌ನ ಯುನಿಟ್ ಬೇರೆ. ಯುನಿಟ್ ದರ ಹೋಲಿಸುವಾಗ ಯಾವ ಬ್ರಾಂಡಿನದು ಎಂದು ಮೊದಲು ಕೇಳಿ. ಮಯಸ್ತೀನಿಯಾ ಗ್ರೇವಿಸ್‌ನಂಥ ನರ-ಸ್ನಾಯು ರೋಗ ಇದ್ದವರು ಮುಚ್ಚಿಡದೆ ಹೇಳಬೇಕು.

ಗದ್ದದ ಕೆಳಗಿನ ಕೊಬ್ಬು

ಎರಡನೇ ಗದ್ದ ಇಳಿದರೆ ದವಡೆ ತಾನೇ ಕಾಣುತ್ತದೆ, ನಿಜ. ಡಿಆಕ್ಸಿಕೋಲಿಕ್ ಆಮ್ಲವನ್ನು ಎಫ್‌ಡಿಎ 2015ರಲ್ಲಿ ಇದೊಂದೇ ಜಾಗಕ್ಕೆ ಒಪ್ಪಿತು. ಒಂದು ಸೆಂ.ಮೀ. ಅಂತರದಲ್ಲಿ 0.2 ಮಿ.ಲೀ.ಯಂತೆ, ಒಂದು ಸಲಕ್ಕೆ ಹೆಚ್ಚೆಂದರೆ 10 ಮಿ.ಲೀ.; ತಿಂಗಳಿಗೊಮ್ಮೆಯಂತೆ ಆರು ಸಲದವರೆಗೆ. ಒಂದೆರಡು ವಾರ ಕುತ್ತಿಗೆ ಕಪ್ಪೆಯಂತೆ ಊದಿರುತ್ತದೆ, ಆದ್ದರಿಂದ ಲಗ್ನಕ್ಕೆ ಆರು ತಿಂಗಳಿರುವಾಗಲೇ ಶುರುಮಾಡಬೇಕು. ದವಡೆಯ ಅಂಚಿಗೆ ತೀರ ಹತ್ತಿರ ಚುಚ್ಚಿದರೆ ಕೆಳತುಟಿಯ ನರಕ್ಕೆ ಪೆಟ್ಟಾಗಿ ಕೆಲವು ವಾರ ನಗು ಸೊಟ್ಟಗಾಗಬಹುದು. ಗಡ್ಡ ಬಿಡುವವರಿಗೆ ಯಾರೂ ಹೇಳದ ಮಾತು: ಚುಚ್ಚಿದ ಜಾಗದಲ್ಲಿ ಗಡ್ಡದ ಕೂದಲು ಉದುರಬಹುದು. ಚರ್ಮವೇ ಜೋತಿದ್ದರೆ ಕೊಬ್ಬು ಹೋದಮೇಲೆ ಇನ್ನೂ ಜೋಲುತ್ತದೆ. ನಮ್ಮ ದೃಷ್ಟಿಯಲ್ಲಿ, ತೂಕ ಹೆಚ್ಚಿದ್ದವರು ಮೊದಲು ಐದಾರು ಕಿಲೋ ಇಳಿಸಿ ಆಮೇಲೆ ಕನ್ನಡಿ ನೋಡಲಿ. ಬಹಳ ಮಂದಿಗೆ ಈ ಸೂಜಿಯ ಅಗತ್ಯವೇ ಉಳಿಯುವುದಿಲ್ಲ.

ಜಿಮ್ಮಿನಲ್ಲಿ ಸಿಗುವ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಈ ಸಾಲಿಗೇ ಸೇರದು. ಬೆಳವಣಿಗೆ ಮುಗಿದ ಗಂಡಸಿನ ದವಡೆಯನ್ನು ಅದು ಬೆಳೆಸುವುದಿಲ್ಲ. ಮೊಡವೆ, ಕೂದಲು ಉದುರುವಿಕೆ, ವೀರ್ಯಾಣು ಕುಸಿತ ಮಾತ್ರ ಗ್ಯಾರಂಟಿ ಅನ್ನುವಷ್ಟು ಸಾಮಾನ್ಯ. ಟ್ರಾನ್ಸ್ ಗಂಡಸರ ವಿಷಯ ಬೇರೆ. ಎಂಡೊಕ್ರೈನ್ ತಜ್ಞರ ನಿಗಾದಲ್ಲಿ ತೆಗೆದುಕೊಳ್ಳುವ ಟೆಸ್ಟೊಸ್ಟೆರಾನ್‌ನಿಂದ ಆರು ತಿಂಗಳೊಳಗೆ ಕೊಬ್ಬಿನ ಹಂಚಿಕೆ ಬದಲಾಗತೊಡಗುತ್ತದೆ, ಆರರಿಂದ ಹನ್ನೆರಡು ತಿಂಗಳಿಗೆ ಗಡ್ಡ ಚಿಗುರುತ್ತದೆ, ಬದಲಾವಣೆ ವರ್ಷಗಟ್ಟಲೆ ಸಾಗುತ್ತದೆ. ಅವರು ಕನಿಷ್ಠ ಒಂದು ವರ್ಷ ಕಾದು ಫಿಲ್ಲರಿಗೆ ಹೋದರೆ ಕಡಿಮೆ ಜೆಲ್‌ನಲ್ಲೇ ಮುಗಿಯುತ್ತದೆ. ಮುಖ ಇನ್ನೂ ಬೆಳೆಯುವ ವಯಸ್ಸಿನ ಹುಡುಗರಿಗೆ, ಇಪ್ಪತ್ತೊಂದು ದಾಟುವವರೆಗೆ, ಫಿಲ್ಲರ್ ಬೇಡವೇ ಬೇಡ.

ಊರಲ್ಲೋ, ಹೈದರಾಬಾದಿನಲ್ಲೋ

ಬೀದರ್‌ನಿಂದ ಹೈದರಾಬಾದು ಸುಮಾರು 140 ಕಿ.ಮೀ., ಕಲಬುರಗಿಯಿಂದ 220ರ ಆಸುಪಾಸು. ದೊಡ್ಡ ಊರಿನಲ್ಲಿ ದಿನಾ ಇದನ್ನೇ ಮಾಡುವ ಕೈ ಸಿಗುತ್ತದೆ, ಬ್ರಾಂಡ್ ಆಯ್ಕೆಯೂ ಹೆಚ್ಚು. ಆದರೆ ಮುಂಜಾನೆ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುವ ಲೆಕ್ಕ ಹಾಕಬೇಡಿ. ರಕ್ತನಾಳ ಕಟ್ಟಿಕೊಂಡ ಲಕ್ಷಣ ಕೂಡಲೇ ಕಾಣದೆ ಕೆಲವು ತಾಸಿನ ಮೇಲೆ ಕಾಣಬಹುದು. ಆಗ ನೀವು ಜಹೀರಾಬಾದ್ ದಾಟಿರುತ್ತೀರಿ. ಒಂದು ರಾತ್ರಿ ಅಲ್ಲೇ ಉಳಿದು, ಮರುದಿನ ಮುಖ ತೋರಿಸಿ ಹೊರಡಿ. ಹೀಗೆ ಉಳಿಯಲು ಆಗದವರಿಗೆ ಕಲಬುರಗಿಯಲ್ಲೇ ಅನುಭವವಿರುವ ಚರ್ಮತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಒಳ್ಳೆಯ ಆಯ್ಕೆ. ಯಾದಗಿರಿಯವರಿಗೂ ರೈಲಿನಲ್ಲಿ ಅದೇ ಹತ್ತಿರ.

ಎಲ್ಲಿ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಎರಡು ವಸ್ತು ಕಣ್ಣಾರೆ ನೋಡಿ. ಒಂದು, ಹೈಅಲುರಾನಿಡೇಸ್. 1500 ಯುನಿಟ್‌ನ ಒಂದೇ ವಯಲ್ (ಔಷಧದ ಸಣ್ಣ ಸೀಸೆ) ಸಾಲದು. ನಾಳ ಕಟ್ಟಿಕೊಂಡರೆ ರಕ್ತ ಮರಳುವವರೆಗೆ ತಾಸಿಗೊಮ್ಮೆ ಕೊಡಬೇಕಾಗಬಹುದು, ಹಲವು ವಯಲ್ ಸ್ಟಾಕಿನಲ್ಲಿರಬೇಕು. ಜೇನುಹುಳ ಕಚ್ಚಿ ತೀವ್ರ ಅಲರ್ಜಿ ಆಗಿದ್ದವರು ಈ ಔಷಧದ ಬಗ್ಗೆ ಮೊದಲೇ ಹೇಳಿ. ಇನ್ನೊಂದು, ಫ್ರಿಜ್. ಬೊಟಾಕ್ಸ್ ವಯಲ್ 2ರಿಂದ 8 ಡಿಗ್ರಿಯಲ್ಲಿರಬೇಕು. ಜುವಿಡರ್ಮ್‌ನಂಥ ಜೆಲ್‌ಗಳು 25 ಡಿಗ್ರಿ ದಾಟಬಾರದು. ಮೇ ತಿಂಗಳಲ್ಲಿ ಪಾರಾ 42, 43 ಮುಟ್ಟುವ ನಮ್ಮ ಊರುಗಳಲ್ಲಿ, ಬಸ್ಸಿನ ಡಿಕ್ಕಿಯಲ್ಲಿ ಬಂದ ಡಬ್ಬಿಯೋ, ಕರೆಂಟ್ ಹೋದಾಗ ಬ್ಯಾಕಪ್ ಇಲ್ಲದ ಫ್ರಿಜ್ಜೋ ಔಷಧವನ್ನು ಕೆಡಿಸಬಲ್ಲದು. ಹೇಗೆ ತರಿಸುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಕರ್ನಾಟಕದ ಕ್ಲಿನಿಕ್ ಆದರೆ ಗೋಡೆಯ ಮೇಲೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇರಬೇಕು. ವೈದ್ಯರ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಿರಿಂಜಿನ ಡಬ್ಬಿ ನಿಮ್ಮ ಮುಂದೆಯೇ ಒಡೆಯಬೇಕು.

ಖರ್ಚು ಕೇಳುವಾಗ "ದವಡೆಗೆ ಎಷ್ಟು" ಅನ್ನಬೇಡಿ. ಯಾವ ಬ್ರಾಂಡ್, ಎಷ್ಟು ಮಿ.ಲೀ., ಟಚ್‌ಅಪ್ ಸೇರಿದೆಯೋ ಇಲ್ಲವೋ, ಜಿಎಸ್‌ಟಿ ಎಷ್ಟು, ಕರಗಿಸಬೇಕಾದರೆ ಅದರ ದುಡ್ಡು ಯಾರದು ಎಂದು ಬರೆಸಿಕೊಳ್ಳಿ. ಪ್ಯಾಕೇಜ್ ಅಗ್ಗವಿದ್ದಲ್ಲಿ ಒಂದು ಸಿರಿಂಜನ್ನು ಇಬ್ಬರಿಗೆ ಹಂಚುವ ಅಪಾಯವಿದೆ. ಒಬ್ಬರಿಗೆ ಚುಚ್ಚಿದ ಸಿರಿಂಜಿನಲ್ಲಿ ಉಳಿದದ್ದು ಇನ್ನೊಬ್ಬರಿಗೆ ಹೋಗಲೇಬಾರದು.

ಮುಂಚೆ, ಆಮೇಲೆ

ಹಲ್ಲು ಹುಳುಕಿದ್ದರೆ, ಒಸಡಿನಲ್ಲಿ ಕೀವಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹಲ್ಲಿನ ಕೆಲಸಕ್ಕೂ ಫಿಲ್ಲರಿಗೂ ನಡುವೆ ಎರಡು ವಾರ ಬಿಡಿ. ರಕ್ತ ತೆಳುವಾಗಿಸುವ ಮಾತ್ರೆ ಹೃದಯಕ್ಕಾಗಿ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಲಗ್ನಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ ಮಾಡಿಸಿ. ಅರಿಶಿಣ ಹಚ್ಚುವವರು ಮುಖ ತಿಕ್ಕುವುದು ಎರಡು ವಾರದೊಳಗೆ ಬಂದರೆ ಜೆಲ್ ಸರಿಯಬಹುದು.

ಮಾಡಿಸಿದ ದಿನ ಬೈಕಿನಲ್ಲಿ ಬರಬೇಡಿ. ಹೆಲ್ಮೆಟಿನ ಪಟ್ಟಿ ಸರಿಯಾಗಿ ಗದ್ದದ ಕೆಳಗೇ ಒತ್ತುತ್ತದೆ, ಹೆಲ್ಮೆಟ್ ಬಿಟ್ಟು ಓಡಿಸುವುದಂತೂ ಸಲ್ಲ. ಎರಡು ಮೂರು ದಿನ ಖಡಕ್ ರೊಟ್ಟಿ ಬಿಟ್ಟು ಅನ್ನ ಸಾರು, ಹಾಲಲ್ಲಿ ನೆನೆಸಿದ ರೊಟ್ಟಿ ಉಣ್ಣಿ. ಎರಡು ದಿನ ಜಿಮ್, ಕುಡಿತ, ಬಿಸಿಲಲ್ಲಿ ತಿರುಗಾಟ ಬೇಡ. ಎರಡು ವಾರ ಕಟಿಂಗ್ ಅಂಗಡಿಯ ಮಸಾಜ್, ಸ್ಟೀಮ್ ಬೇಡ.

ಬಾವು, ಸ್ವಲ್ಪ ನೀಲಿಗಟ್ಟುವುದು ಸಹಜ. ಚರ್ಮ ಸುಣ್ಣದಂತೆ ಬಿಳಿಚಿದರೆ, ಬಲೆಯಂತೆ ನೇರಳೆ ಗೆರೆ ಮೂಡಿದರೆ, ನೋವು ಇಳಿಯುವ ಬದಲು ಏರುತ್ತ ಹೋದರೆ ಸಹಜವಲ್ಲ. ಆ ಜಾಗ ಒತ್ತಿ ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಐಸ್ ಇಡಬೇಡಿ, ಐಸ್ ನಾಳವನ್ನು ಇನ್ನೂ ಬಿಗಿಯುತ್ತದೆ. ನಡುರಾತ್ರಿಯಾದರೂ ವೈದ್ಯರಿಗೆ ಫೋಟೊ ಕಳಿಸಿ ಹೊರಡಿ. ಕಣ್ಣು ಮಂಜಾದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ, ಯಾದಗಿರಿಯಲ್ಲಾದರೆ ಯಿಮ್ಸ್, ಬೀದರ್‌ನಲ್ಲಾದರೆ ಬ್ರಿಮ್ಸ್, ಕಲಬುರಗಿಯಲ್ಲಾದರೆ ಜಿಮ್ಸ್. ಕಣ್ಣಿನ ಪರದೆ ರಕ್ತವಿಲ್ಲದೆ ತಾಳುವುದು ಒಂದು, ಒಂದೂವರೆ ತಾಸಷ್ಟೇ. ತಿಂಗಳುಗಳ ಮೇಲೆ ಜ್ವರ, ಹಲ್ಲಿನ ಸೋಂಕು ಬಂದಾಗ ಹಾಕಿಸಿದ ಜಾಗ ಊದಿಕೊಂಡರೆ ಅದನ್ನೂ ತೋರಿಸಬೇಕು.

ಎರಡು ವಾರಕ್ಕೆ ಒಮ್ಮೆ ಹೋಗಿ, ಮೊದಲಿನ ಫೋಟೊ ಪಕ್ಕಕ್ಕಿಟ್ಟು ನೋಡಿ, ಎಡಬಲ ವ್ಯತ್ಯಾಸವಿದ್ದರೆ ಆಗ ತಿದ್ದಿಸಿಕೊಳ್ಳಿ. ವರ್ಷ ತುಂಬಿತೆಂದು ಮತ್ತೆ ಅಷ್ಟೇ ಹಾಕಿಸುವುದು ಬೇಡ. ಹಳೆಯ ಜೆಲ್ ಸ್ವಲ್ಪ ಉಳಿದೇ ಇರುತ್ತದೆ, ಅರ್ಧದಲ್ಲೇ ಕೆಲಸವಾಗಬಹುದು. ಡಬ್ಬಿಯಲ್ಲಿ ಬರುವ ಲಾಟ್ ನಂಬರಿನ ಸ್ಟಿಕ್ಕರನ್ನು ಕೇಳಿ ಪಡೆದು, ದಿನಾಂಕ, ಜಾಗ, ಎಷ್ಟು ಮಿ.ಲೀ. ಎಂದು ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಬೇರೆ ಊರಿನಲ್ಲಿ ಬೇರೆ ವೈದ್ಯರ ಬಳಿ ಹೋದಾಗ, ಒಳಗಿರುವುದು ಕರಗುವ ಜೆಲ್ಲೋ ಕ್ಯಾಲ್ಸಿಯಮ್ಮೋ ಎಂಬುದು ಅವರಿಗೆ ಅದರಿಂದಲೇ ತಿಳಿಯಬೇಕು.